ಮೊದಲು ಬಂದ ಕುದುರೆ, ನೆಟ್ಟಗೆ ಬಂದ ಕುದುರೆ

ಕಂತು ಒಂಬತ್ತು

“ಛಲೋ ಇದ್ದ ಕುದರಿಗೆ ಬಹುಮಾನ ಕೊಡೂದಾದ್ರ ಮನ್ಯಾಗ ಕಟ್ಟಿದ ಕುದರಿಗೆ ಕೊಡ್ರಿ. ತೊಂಬತ್ತು ಮೈಲಿ ಓಡಿ ಬಂದ ಕುದರಿಗಿಂತ ಅದು ಯಾವಾಗ ನೋಡಿದ್ರೂ ಛಲೋ ಇರತೈತಿ.”

ಇಷ್ಟು ಹೇಳಿ ಇಂಡಿಯ ಹತ್ತಿ ವ್ಯಾಪಾರಿ ರಾಚಪ್ಪ ಸಾಹುಕಾರರು ಕೂತರು. ಅದು ಮೂರನೇ ಇಯತ್ತೆಯ ಮಕ್ಕಳ ಬೆಂಚು. ಸಾಹುಕಾರರು ಕೂತ ತುದಿ ಕೆಳಗಿಳಿಯಿತು, ಇನ್ನೊಂದು ತುದಿಯಲ್ಲಿದ್ದ ಸಿಂದಗಿಯ ಮಡಿವಾಳಪ್ಪ ನಾಲ್ಕು ಬೆರಳು ಮೇಲಕ್ಕೆದ್ದ.

ಸಭೆ ನಕ್ಕಿತು. ಬಾಗಿಲ ಬಳಿ ಗೋಣಿತಟ್ಟಿನ ಮೇಲೆ ಕೂತಿದ್ದ ಗೌಸಬಿ ನಗಲಿಲ್ಲ. ಅವಳು ಸಾಹುಕಾರರ ಕೈ ನೋಡುತ್ತಿದ್ದಳು. ಮಾತು ಗೆದ್ದು ಕೂತವನ ಕೈ ಸುಮ್ಮನಿರಬೇಕು. ಸಾಹುಕಾರರ ಕೈ ಹೆಗಲ ಮೇಲಿನ ವಸ್ತ್ರವನ್ನು ಹಗ್ಗ ಹೊಸೆದ ಹಾಗೆ ಹೊಸೆಯುತ್ತಿತ್ತು.

ಶ್ರಾವಣದ ಭಾನುವಾರ. ಬಸವನ ಬಾಗೇವಾಡಿಯ ಶಾಲೆಯೊಂದರ ಕೋಣೆಯನ್ನು ಕೇಳಿ ಪಡೆದು ನಾಲ್ಕೂರ ಸವಾರಿ ಸಂಘ ಸಭೆ ಸೇರಿತ್ತು. ಪ್ರತಿ ಮಾಘದಲ್ಲಿ ಇಂಡಿಯಿಂದ ಕುದುರೆ ಬಿಟ್ಟರೆ ಸಿಂದಗಿಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಬಾಗೇವಾಡಿ ದಾಟಿ ಮುದ್ದೇಬಿಹಾಳದ ಅಗಸಿಬಾಗಿಲು ಮುಟ್ಟಬೇಕು. ಮೊದಲು ಮುಟ್ಟಿದ ಕುದುರೆಯ ಕಾಲಿಗೆ ಬೆಳ್ಳಿಯ ಕಡಗ. ಮೂವತ್ತು ವರ್ಷದಿಂದ ಇದೇ ಪದ್ಧತಿ. ಅದನ್ನು ಬದಲಿಸಬೇಕೋ ಬೇಡವೋ ಎಂಬುದೇ ಇವತ್ತಿನ ಜಗಳ.

ಗೌಸಬಿಗೆ ಅಲ್ಲಿ ಮತವಿರಲಿಲ್ಲ. ಅವಳು ಬಾಗೇವಾಡಿಯವಳೇ, ಕುದುರೆಗೆ ಲಾಳ ಕಟ್ಟುವ ನಾಲಬಂದರ ಮನೆಯವಳು. ಗಂಡ ಮೀರಾಸಾಬ ತೀರಿಕೊಂಡ ಮೇಲೆ ಅವನ ಸುತ್ತಿಗೆ ತಾನೇ ಹಿಡಿದು, ಹನ್ನೊಂದು ವರ್ಷ ಈ ಸವಾರಿಯ ಕುದುರೆಗಳಿಗೆ ನಾಲ ಹೊಡೆದವಳು. ಕಳೆದ ಮಾಘದಲ್ಲಿ ಸಾಹುಕಾರರ ಬಿಳಿ ಕುದುರೆ ದೌಲತ್ ಮೊದಲು ಬಂದು ಕಡಗ ಗೆದ್ದಿತು. ಮರುದಿನ ನಸುಕಿನಲ್ಲೇ ಅದು ಎಡ ಮುಂಗಾಲು ನೆಲಕ್ಕೆ ಊರಲಾರದೆ ನಿಂತಿತ್ತು. ‘ನಾಲದ ದೋಷ’ ಎಂದು ಸಂಘ ಬರೆದುಕೊಂಡಿತು. ಅಂದಿನಿಂದ ಅವಳ ಅಂಗಳಕ್ಕೆ ಎತ್ತುಗಳು ಬರುತ್ತಿದ್ದವು, ಕುದುರೆ ಒಂದೂ ಬಂದಿರಲಿಲ್ಲ.

ಹೋದ ವಾರ ತಾಳಿಕೋಟೆಯ ಸಂತೆಯಲ್ಲಿ ದೌಲತ್ತಿನ ಸವಾರ ಕಾಸಿಂಸಾಬ ಬಾಯಿ ತಪ್ಪಿ ಒಂದು ಮಾತು ಅಂದಿದ್ದ: “ಸಿಂದಗಿ ಬಿಟ್ಟ ಮ್ಯಾಲ ದೌಲತ್ ಅಂತ ಎಷ್ಟು ಕರದ್ರೂ ಅದು ಕಿವಿ ಸಹಿತ ತಿರುಗಿಸಲಿಲ್ಲ ನೋಡವ್ವ.”

ತನ್ನ ಹೆಸರಿಗೆ ಕಿವಿ ತಿರುಗಿಸದ ಕುದುರೆಯನ್ನು ಗೌಸಬಿ ಕಂಡಿರಲಿಲ್ಲ. ಹಾಗಾದರೆ ಅದು ಅದರ ಹೆಸರೇ ಅಲ್ಲ. ಹಾಗಾದರೆ ಸಿಂದಗಿಯಿಂದ ಆಚೆ ಓಡಿದ್ದು ಅವಳು ನಾಲ ಹೊಡೆದ ಕುದುರೆಯೂ ಅಲ್ಲ.

“ಸಾಹುಕಾರ್ರ, ಮನ್ಯಾಗ ಕಟ್ಟಿದ ಕುದರಿಗಲ್ಲ, ಮುದ್ದೇಬಿಹಾಳ ಮುಟ್ಟಿದ ಕುದರಿಗೆ,” ಎಂದರು ಡಾಕ್ಟರ್ ಪರಪ್ಪ.

ಪದ್ಧತಿ ಬದಲಿಸುವ ಠರಾವು ಅವರದು. ಫೌಜಿನಲ್ಲಿ ಇಪ್ಪತ್ತು ವರ್ಷ ಕುದುರೆಗಳ ವೈದ್ಯರಾಗಿದ್ದು, ಈಗ ಮುದ್ದೇಬಿಹಾಳದಲ್ಲಿ ನೆಲೆಸಿದ ತೆಳ್ಳನೆಯ ಮನುಷ್ಯ. ಕಳೆದ ಮಾಘದಲ್ಲಿ ‘ನಾಲದ್ದು ತಪ್ಪಿಲ್ಲ’ ಎಂದು ಇಡೀ ಸಂಘದಲ್ಲಿ ಹೇಳಿದವರು ಅವರೊಬ್ಬರೇ. ಆ ಒಂದು ಮಾತಿಗೆ ಗೌಸಬಿ ಅವರನ್ನು ಮನೆಯ ಹಿರಿಯರಂತೆ ಕಾಣುತ್ತಿದ್ದಳು.

“ಮುಟ್ಟಿದ ಅರ್ಧ ತಾಸಿಗೆ ಎದಿ ಬಡಿತ ಎಣಸ್ತೇವಿ,” ಡಾಕ್ಟರು ಬೆರಳು ಮಡಿಚುತ್ತ ಹೋದರು. “ನಿಮಿಷಕ್ಕ ಅರವತ್ನಾಲ್ಕರ ಒಳಗ ಇಳದಿರಬೇಕು. ಮರುದಿನ ಮುಂಜಾನಿ ಕಲ್ಲು ನೆಲದ ಮ್ಯಾಲ ಓಡಿಸಿ ನೋಡ್ತೇವಿ. ಎಲ್ಲಾಕಿಂತ ನೆಟ್ಟಗಿದ್ದ ಕುದರಿಗೆ ಕಡಗ. ಮೊದಲು ಬಂದಾವಗ ಒಂದು ರುಮಾಲು. ಕುಂಟಲಾರದ ಮುಟ್ಟಿದವರಿಗೆಲ್ಲ ಹಿತ್ತಾಳಿ ಬಿಲ್ಲೆ.”

“ಬಡಿತ ಎಣಸಾಕ ಗಡಿಯಾರ ಯಾರದು?” ರಾಚಪ್ಪ ಕೇಳಿದರು.

“ಸಂಘದ ಗಡಿಯಾರ ಮಡಿವಾಳಪ್ಪನ ಕಡೆ ಐತೆಲ್ಲ.”

“ಆ ಗಡಿಯಾರ ನಡಕ ನಿಂತು ದಮ್ಮು ತಗೊಂಡು ಮುಂದ ಹೋಗತೈತಿ. ಮೊದಲು ಅದರ ಎದಿ ಬಡಿತ ಎಣಸ್ರಿ.”

“ಅದು ವಿಲಾಯತಿ ಗಡಿಯಾರ ಐತ್ರಿ,” ಎಂದ ಮಡಿವಾಳಪ್ಪ ನೊಂದುಕೊಂಡು. ಸಿಂದಗಿಯ ತಂಗುದಾಣದಲ್ಲಿ ಕುದುರೆಗಳು ಬಂದ ಹೊತ್ತು, ಹೋದ ಹೊತ್ತು ಬರೆಯುವವನು ಅವನೇ. ಗೌಸಬಿ ಅವನ ಕಡೆ ಒಮ್ಮೆ ನೋಡಿದಳು. ಕುದುರೆ ಬದಲಾಗಿದ್ದರೆ ಅದು ಇವನ ಕಣ್ಣ ಮುಂದೆಯೇ ಬದಲಾಗಿರಬೇಕು. ಆದರೆ ಮಡಿವಾಳಪ್ಪ ಕುದುರೆ ನೋಡುವ ಜಾತಿಯವನಲ್ಲ, ಗಡಿಯಾರ ನೋಡುವವನು. ಆನೆ ಹಾದು ಹೋದರೂ ‘ಆರು ಗಂಟೆ ಹತ್ತು ನಿಮಿಷ’ ಎಂದು ಬರೆದು ಸುಮ್ಮನಾಗುವ ಮನುಷ್ಯ.

“ಮತ್ತ ಎಲ್ಲಾರಿಗೂ ಬಿಲ್ಲೆ ಅಂತೀರಿ,” ರಾಚಪ್ಪ ಬಿಡಲಿಲ್ಲ. “ನಾ ಬಿಲ್ಲೆ ಹಚಗೊಂಡು ಮನಿಗೆ ಹೋದ್ರ ನಮ್ಮ ಸಿದ್ದಲಿಂಗವ್ವ ಕಚೇರಿ ಚಪರಾಸಿ ಬಂದಾನ ಅಂತ ಕಟ್ಟಿ ಮ್ಯಾಲ ಕುಂಡ್ರಸಿ ನೀರು ಕೊಟ್ಟು ಕಳಸ್ತಾಳ.”

ಅಧ್ಯಕ್ಷರ ಕುರ್ಚಿಯಲ್ಲಿದ್ದ ಬಂದಗಿಸಾಬ ಇನಾಮದಾರರು ಕೆಮ್ಮಿದರು. ಎಂಬತ್ತು ದಾಟಿದ ಹಳೆಯ ಸವಾರ. ಒಂದೇ ಕಿವಿ ಕೇಳಿಸುತ್ತಿತ್ತು, ಆ ಕಿವಿಯನ್ನು ತಮಗೆ ಬೇಕಾದವರ ಕಡೆಗಷ್ಟೇ ತಿರುಗಿಸುತ್ತಿದ್ದರು. ಮುಂಜಾನೆಯಿಂದ ಅದು ರಾಚಪ್ಪನ ಕಡೆಗಿತ್ತು.

“ನಮ್ಮ ಕಾಲದಾಗ ಮೊದಲು ಬಂದಾವ ಕಡಗ ತಗೋತಿದ್ದ,” ಎಂದರು. “ಎರಡನೇದಾವ ನೀರು ಕೇಳ್ತಿದ್ದ. ಮೂರನೇದಾವನ್ನ ಯಾರೂ ಕೇಳ್ತಿದ್ದಿಲ್ಲ. ಅದರಾಗ ಏನು ತಪ್ಪಿತ್ತು?”

“ಎರಡನೇ ಕುದರಿ ನಿಮ್ಮ ಕಾಲದಾಗ ಅಗಸ್ಯಾಗ ಬಿದ್ದು ಸತ್ತಿತ್ತರಿ,” ಎಂದರು ಡಾಕ್ಟರು.

“ಸತ್ತಿತ್ತು. ಆದ್ರ ಎರಡನೇ ನಂಬರ ಬಂದಿತ್ತು.”

ಮೇಜಿನ ಪಕ್ಕದಲ್ಲಿ ನಡಾವಳಿ ಬರೆಯುತ್ತಿದ್ದ ಇಂದುಬಾಯಿ ತಲೆ ಎತ್ತಿದಳು. ಮುದ್ದೇಬಿಹಾಳದ ಶಾಲಾ ಶಿಕ್ಷಕಿ, ಸಂಘದ ಕಾರ್ಯದರ್ಶಿ. “ತೊಂಬತ್ತು ಮೈಲಿ ಅಂತ ಬರೀಲೋ, ಕಿಲೋಮೀಟರ್ ಅಂತ ಬರೀಲೋ? ಸರಕಾರದ ಹೊಸಾ ಹುಕುಂ ಬಂದೈತಿ.”

“ಕಿಲೋಮೀಟರ್ ಬರದ್ರ ಹಾದಿ ಉದ್ದ ಆಗತೈತೇನು?”

“ಹಾದಿ ಆಗೂದಿಲ್ಲರಿ, ಅಂಕಿ ಆಗತೈತಿ. ನೂರಾ ನಲವತ್ತೈದು.”

“ಹಂಗಾದ್ರ ಮೈಲೀನ ಇರಲಿ. ಕುದರಿಗಳಿಗೆ ಹೆದರಿಕಿ ಆದೀತು,” ಎಂದು ಇನಾಮದಾರರು ತೀರ್ಪು ಕೊಟ್ಟರು. “ಈಗ ಅಂದಾಜಿಗೆ ಒಮ್ಮೆ ಕೈ ಎತ್ತ್ರಿ. ಖರೆ ಮತ ಊಟದ ಮ್ಯಾಲ.”

ಮತವಿದ್ದವರು ಎಂಟು ಮಂದಿ. ಡಾಕ್ಟರ ಠರಾವಿಗೆ ನಾಲ್ಕು ಕೈ ಎದ್ದವು. ವಿರೋಧಕ್ಕೆ ನಾಲ್ಕು. ಸಮ ಆದರೆ ಅಧ್ಯಕ್ಷರ ಮತ. ಅಧ್ಯಕ್ಷರ ಕಿವಿ ಯಾವ ಕಡೆ ಇದೆಯೆಂದು ಎಲ್ಲರಿಗೂ ಕಾಣುತ್ತಿತ್ತು.

ಒಂದೇ ಒಂದು ಕೈ ಈ ಕಡೆ ಬಂದರೆ ಮರುದಿನದ ತಪಾಸಣೆ ಜಾರಿಗೆ ಬರುತ್ತದೆ. ಆಮೇಲೆ ಯಾವ ಸಾಹುಕಾರನೂ ಕುದುರೆ ಬದಲಿಸಿ ಓಡಿಸಿ, ತಪ್ಪನ್ನು ನಾಲದ ತಲೆಗೆ ಕಟ್ಟಲಾರ. ಗೌಸಬಿ ಗೋಣಿತಟ್ಟು ಕೊಡವಿ ಎದ್ದಳು. ಊಟದ ಬಿಡುವು ಒಂದು ತಾಸು.

*

ಮೇಜಿನ ಮೇಲೆ ಚೌಕಟ್ಟು ಹಾಕಿದ ಫೋಟೋ ಇತ್ತು. ಕಾಲಿಗೆ ಕಡಗ ತೊಟ್ಟ ದೌಲತ್, ಪಕ್ಕದಲ್ಲಿ ರಾಚಪ್ಪ. ತಮ್ಮ ವಾದಕ್ಕೆ ಆಧಾರವಾಗಿ ಸಾಹುಕಾರರು ಅದನ್ನು ಇಂಡಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಫೋಟೋ ಸಾಲದೆಂದು ಕುದುರೆಯನ್ನೂ ತರಿಸಿದ್ದರು. ಅದು ಕಾಸಿಂಸಾಬನ ಜೊತೆ ಎರಡು ದಿನ ನಡೆದು ಬಂದು, ಹೊರಗೆ ಬೇವಿನ ಗಿಡದ ನೆರಳಿನಲ್ಲಿ ಹುಲ್ಲು ತಿನ್ನುತ್ತಿತ್ತು.

ಗೌಸಬಿ ಫೋಟೋದ ಹತ್ತಿರ ಕಣ್ಣು ತಂದಳು. ಕುದುರೆಯ ಕೊರಳ ಮೇಲೆ ಒಂದು ಸುಳಿ. ಬಲಗಡೆ.

ಕಿಟಕಿಯಿಂದ ಹೊರಗೆ ನೋಡಿದಳು. ಬೇವಿನ ಕೆಳಗಿನ ಕುದುರೆಗೆ ಕೊರಳ ಸುಳಿ ಎಡಗಡೆ.

ಬಣ್ಣ ಬಳಿಯಬಹುದು, ಬಾಲ ಕತ್ತರಿಸಬಹುದು, ಹುಟ್ಟಿದಾಗ ಬಂದ ಸುಳಿಯನ್ನು ಆ ಕಡೆಯಿಂದ ಈ ಕಡೆಗೆ ಒಯ್ಯಲು ಯಾರಿಗೆ ಬರುತ್ತದೆ.

“ಬಾಯಾರ, ಒಂಚೂರು ಬರ್ರಿ ಇಲ್ಲಿ,” ಎಂದು ಇಂದುಬಾಯಿಯ ಸೆರಗು ಹಿಡಿದು ಎಳೆದಳು. “ಇದು ಒಂದು ಕುದರಿ ಅಲ್ಲ, ಎರಡು. ನೋಡ್ರಿ, ಸುಳಿ ಬ್ಯಾರೆ ಬ್ಯಾರೆ ಕಡೆ.”

ಇಂದುಬಾಯಿ ಕನ್ನಡಕ ಏರಿಸಿ ಫೋಟೋ ನೋಡಿದಳು. ಕಿಟಕಿಯಾಚೆ ನೋಡಿದಳು. ಮತ್ತೆ ಫೋಟೋ ನೋಡಿದಳು.

“ನೀ ಕುದರೀನ ನೋಡೀದಿ. ಸಾಹುಕಾರ್ರನ್ನ ನೋಡಿಲ್ಲ.”

“ಸಾಹುಕಾರ್ರನ್ನ ಏನ ನೋಡೂದೈತ್ರಿ?”

“ಗಲ್ಲದ ಮ್ಯಾಲಿನ ನತ್ತಿ.”

ರಾಚಪ್ಪರ ಎಡಗಲ್ಲದ ಮೇಲೆ ತೊಗರಿಕಾಳಿನಷ್ಟು ದಪ್ಪ ಮಚ್ಚೆಯೊಂದಿತ್ತು. ಫೋಟೋದಲ್ಲಿ ಅದು ಬಲಗಲ್ಲದ ಮೇಲೆ ಕೂತಿತ್ತು.

“ಫೋಟೋದಾವ ಕಾಚು ಉಲ್ಟಾ ಹಿಡದು ಛಾಪಿಸ್ಯಾನ, ಎಡ ಬಲ ಆಗೇತಿ,” ಎಂದಳು ಇಂದುಬಾಯಿ. “ಸಾಹುಕಾರ್ರೂ ಇಬ್ಬರು ಅದಾರ ಅಂತ ಹೇಳ್ತೀಯೇನು? ಒಬ್ಬರನ್ನ ಸಂಭಾಳಿಸೂದು ಸಾಕಾಗೇತಿ.”

ಗೌಸಬಿಯ ಮುಖ ಇಳಿಯಿತು. ಅದನ್ನು ಕಂಡು ಇಂದುಬಾಯಿ ಮೆತ್ತಗಾದಳು. “ಮತ್ತ ಇದು ಸವಾರಿ ಮುಗಿದು ತಿಂಗಳಾದ ಮ್ಯಾಲ ಇಂಡ್ಯಾಗ ತಗದ ಫೋಟೋ. ಮನಿ ಕುದರಿ ಮನ್ಯಾಗ ನಿಂತರ ಏನು ಸೋಜಿಗ? ಸವಾರಿ ದಿನದ ಕುರುಹು ಬೇಕಾದ್ರ ನಡಾವಳಿ ಪುಸ್ತಕ ಓದು.”

ಓದಲು ಗೌಸಬಿಗೆ ಬರುತ್ತಿರಲಿಲ್ಲ. ಇಂದುಬಾಯಿಯೇ ಪುಟ ತಿರುಗಿಸಿ ಕಳೆದ ಮಾಘದ ವರದಿ ಓದಿದಳು: “ಎಡ ಮುಂಗಾಲಿನ ಗೊರಸಿನಲ್ಲಿ ಕೀವು ತುಂಬಿದ್ದು, ಕೂದಲಗೆರೆಯ ಕೆಳಗೆ ಅಡ್ಡಲಾಗಿ ಒಂದು ಬೆರಳಗಲ ಸೀಳಿ ಕೀವು ತೆಗೆಯಲಾಯಿತು. ಸಹಿ, ಡಾಕ್ಟರ್ ಪರಪ್ಪ.”

ಗೌಸಬಿ ಅವಳ ಕೈ ಹಿಡಿದು ನಿಲ್ಲಿಸಿದಳು. “ಅಡ್ಡ ಸೀಳಿದ್ದು. ಇನ್ನೊಮ್ಮೆ ಓದ್ರಿ.”

ಇಂದುಬಾಯಿ ಇನ್ನೊಮ್ಮೆ ಓದಿ ಮುಗಿಸುವಷ್ಟರಲ್ಲಿ ಗೌಸಬಿ ಬಾಗಿಲು ದಾಟಿದ್ದಳು.

*

ದೌಲತ್ ಅವಳ ವಾಸನೆ ಹಿಡಿದು ಮೂಗು ಮುಂದೆ ಚಾಚಿತು. “ಏನಪಾ ದೌಲತ್,” ಎಂದರೆ ಎರಡೂ ಕಿವಿ ಅವಳತ್ತ ತಿರುಗಿದವು. ನೆರಳಲ್ಲಿ ಅಂಗಾತ ಮಲಗಿದ್ದ ಕಾಸಿಂಸಾಬ ಗೊರಕೆ ಹೊಡೆಯುತ್ತಿದ್ದ. ಅವನನ್ನು ಎಬ್ಬಿಸುವ ಅಗತ್ಯವಿರಲಿಲ್ಲ.

ಅವಳು ಕುದುರೆಯ ಎಡ ಮುಂಗಾಲನ್ನು ಎತ್ತಿ ತನ್ನ ಮೊಣಕಾಲುಗಳ ನಡುವೆ ಹಿಡಿದಳು. ಮಣ್ಣು ಒರೆಸಿ, ಗೊರಸಿನ ಮೇಲೆ ಹೆಬ್ಬೆರಳು ಎಳೆಯುತ್ತ ಬಂದಳು.

ಗೊರಸು ಮನುಷ್ಯನ ಉಗುರಿನ ಹಾಗೆ. ಮೇಲಿನಿಂದ ಬೆಳೆಯುತ್ತ ಕೆಳಗೆ ಇಳಿಯುತ್ತದೆ. ಕೂದಲಗೆರೆಯ ಹತ್ತಿರ ಒಮ್ಮೆ ಸೀಳಿದರೆ ಆ ಗಾಯದ ಗೆರೆ ತಿಂಗಳಿಗೆ ಅರ್ಧ ಬೆರಳಗಲ ಕೆಳಗೆ ಬರುತ್ತ, ಹತ್ತು ತಿಂಗಳಾದ ಮೇಲಷ್ಟೇ ನೆಲ ಮುಟ್ಟಿ ಅಳಿಯುತ್ತದೆ. ಮಾಘದಿಂದ ಶ್ರಾವಣಕ್ಕೆ ಆರು ತಿಂಗಳು. ಸೀಳು ಈಗ ನಡುಗೊರಸು ದಾಟಿ ಸ್ವಲ್ಪ ಕೆಳಗಿರಬೇಕು.

ಇರಲಿಲ್ಲ. ತಿಕ್ಕಿ ತೊಳೆದ ತಾಮ್ರದ ತಂಬಿಗೆಯಂತೆ ಗೊರಸು ನುಣ್ಣಗಿತ್ತು. ಬಲಗಾಲನ್ನೂ ಎತ್ತಿ ನೋಡಿದಳು. ಅದೂ ಹಾಗೇ ಇತ್ತು.

ಮುದ್ದೇಬಿಹಾಳದಲ್ಲಿ ಕುಂಟಿದ್ದು ಈ ಕುದುರೆ ಅಲ್ಲ. ಈ ಕುದುರೆಗೆ ಅವಳು ಹೊಡೆದ ನಾಲ ಯಾವ ತಪ್ಪನ್ನೂ ಮಾಡಿರಲಿಲ್ಲ.

ಗೌಸಬಿ ಕಾಲು ಕೆಳಗಿಟ್ಟು ಅಲ್ಲೇ ನಿಂತಳು. ಕುದುರೆಯ ಕೊರಳಿಗೆ ಹಣೆ ಒತ್ತಿದಳು.

“ಏನು ನೋಡಾಕತ್ತೀರಿ ಗೌಸಬಿಯವರ?”

ಡಾಕ್ಟರ್ ಪರಪ್ಪ ಎರಡು ಕಪ್ ಚಹಾ ಹಿಡಿದು ನಿಂತಿದ್ದರು. ಒಂದನ್ನು ಅವಳಿಗೆ ಕೊಟ್ಟರು. ಅವಳು ಅವರ ಹತ್ತಿರ ಏನನ್ನೂ ಮುಚ್ಚಿಡಲಿಲ್ಲ. ಕಾಲು ಎತ್ತಿ ತೋರಿಸಿದಳು, ಹೆಬ್ಬೆರಳು ಎಳೆದು ತೋರಿಸಿದಳು.

ಡಾಕ್ಟರ ಚಹಾ ತುಟಿಯ ಹತ್ತಿರವೇ ನಿಂತಿತು.

“ನೀವ ಸೀಳಿದ್ರಲ್ಲರಿ,” ಎಂದಳು ಅವಳು. “ನಿಮಗ ಅವತ್ತು ಗೊತ್ತಾಗಲಿಲ್ಲೇನು, ಅದು ದೌಲತ್ ಅಲ್ಲಂತ?”

“ಇನ್ನೂ ಬೆಳಕ ಹರಿದಿದ್ದಿಲ್ಲ. ಕಂದೀಲು ಹಿಡಕೊಂಡು ಸೀಳೇನಿ. ಕಾಲು ನೋಡಿದೆ, ಮುಖ ನೋಡಲಿಲ್ಲ.” ಡಾಕ್ಟರು ಚಹಾ ಕುಡಿಯದೆಯೇ ಕಪ್ಪನ್ನು ಕಟ್ಟೆಯ ಮೇಲಿಟ್ಟರು. “ಇದನ್ನ ಯಾರಿಗೆ ಹೇಳಿದ್ರಿ?”

“ಇನ್ನೂ ಯಾರಿಗೂ ಇಲ್ಲರಿ.”

“ಮೊದಲು ರಾಚಪ್ಪನ್ನ ಕೇಳ್ರಿ. ಕುದರಿ ಅವಂದು.” ಇಷ್ಟು ಹೇಳಿ ಅವರು ಓಣಿಯ ಕಡೆ ಹೊರಟುಹೋದರು. ಸಜ್ಜನರಿಗೆ ಸಿಟ್ಟು ಬಂದರೆ ಹೀಗೇ, ಸುಮ್ಮನಾಗಿಬಿಡುತ್ತಾರೆ ಎಂದುಕೊಂಡಳು ಗೌಸಬಿ. ಅವರ ಚಹಾವನ್ನೂ ತಾನೇ ಕುಡಿದಳು. ಇನ್ನೂ ಬಿಸಿಯಿತ್ತು, ಮೇಲಾಗಿ ಚಹಾ ದುಬಾರಿ.

*

ರಾಚಪ್ಪ ಶಾಲೆಯ ಹಿಂದಿನ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ ಒಬ್ಬರೇ ಕೂತಿದ್ದರು. ಕಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಮೊಸರು. ಗೌಸಬಿ ಎದುರಿಗೆ ನಿಂತಾಗ ಅವರ ಕೈ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

“ಉಣ್ಣು ಬಾರವ್ವ.”

“ಉಂಡೇನ್ರಿ. ಸಾಹುಕಾರ್ರ, ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಕಡೆ ಬಿಳಿ ಕುದರಿ ಎಷ್ಟು ಅದಾವು?”

“ಒಂದು.”

“ಮುದ್ದೇಬಿಹಾಳಕ್ಕ ಹೋಗಿ ಕುಂಟಿದ್ದು ಯಾವುದು?”

“ಅದೇ ಒಂದು.”

“ಹಂಗಾದ್ರ ಅದರ ಗೊರಸಿನ ಮ್ಯಾಲ ಸೀಳಿದ ಗೆರಿ ಎಲ್ಲಿ ಹೋತು? ಬರ್ರಿ ತೋರಸ್ತೇನಿ. ಇಲ್ಲಾಂದ್ರ ಕುದರೀನ ಸಭಾದಾಗ ತಂದು ಎಲ್ಲಾರಿಗೂ ತೋರಸ್ತೇನಿ. ಬಾಗಿಲು ದೊಡ್ಡದೈತಿ, ಒಳಗ ಹಿಡಸತೈತಿ.”

ರೊಟ್ಟಿ ಮುರಿಯುವ ಸದ್ದು ನಿಂತಿತು. ಸಾಹುಕಾರರ ಹಣೆಯ ಮೇಲೆ ಬೆವರು ಮೂಡಿತು. ಆದರೆ ಅದು ಚಟ್ನಿಯ ಖಾರಕ್ಕೂ ಇರಬಹುದಿತ್ತು, ಅದಕ್ಕೆ ಗೌಸಬಿ ಕಾದಳು.

“ಕೂಡವ್ವ,” ಎಂದರು ಕೊನೆಗೆ. ದನಿ ಇಳಿದಿತ್ತು. “ಎರಡು ಅದಾವ ಅನ್ನಾಕ ಬರೂದಿಲ್ಲ. ನಂದು ಒಂದ. ಇನ್ನೊಂದು ನಂದಲ್ಲ.”

“ಮತ್ತ ಯಾರದು?”

“ಅದು ನನಗೂ ಗೊತ್ತಿಲ್ಲ. ಸಿಂದಗ್ಯಾಗ ದೌಲತ್‌ಗ ಹೊಟ್ಟಿಶೂಲಿ ಬಂತು. ಬಿದ್ದು ಒದ್ದಾಡಾಕತ್ತಿತು. ಎರಡು ವರ್ಷ ಗೆದ್ದ ಕುದರಿ, ಮೂರನೇ ವರ್ಷಕ್ಕ ಹಿಂಗಾತಲ್ಲ ಅಂತ ನಾ ಹೊರಗ ಹೋಗಿ ಅತ್ತೆ. ತಿರುಗಿ ಬರೂದರಾಗ ಕೊಟ್ಟಿಗ್ಯಾಗ ಇನ್ನೊಂದು ಬಿಳಿ ಕುದರಿ ನಿಂತಿತ್ತು. ದೌಲತ್ ಇರಲಿಲ್ಲ. ಕೊರಳಾಗ ಒಂದು ಚೀಟಿ.”

“ಏನು ಬರದಿತ್ತು?”

“‘ಇದನ್ನ ಓಡಸ್ರಿ, ನಿಮ್ಮದು ವಾಪಸ ಬರತೈತಿ’ ಅಂತ.”

“ನೀವು ಓಡಿಸಿದ್ರಿ.”

“ಓಡಿಸಿದೆ. ದೇವರು ಕಳಿಸ್ಯಾನ ಅಂತ ತಿಳಕೊಂಡೆ.”

“ದೇವರು ಚೀಟಿ ಬರೀತಾನೇನ್ರಿ ಸಾಹುಕಾರ್ರ?”

“ಅಕ್ಷರ ಬಾಳ ಛಂದ ಇತ್ತವ್ವ,” ಎಂದರು ರಾಚಪ್ಪ ದೈನ್ಯದಿಂದ. “ಕಾಸಿಂಸಾಬ ನಸುಕಿನ್ಯಾಗ ನಿದ್ದಿಗಣ್ಣಾಗ ಹತ್ತಿದ, ಅವಗ ಏನೂ ತಿಳೀಲಿಲ್ಲ. ಮಡಿವಾಳಪ್ಪ ಗಡಿಯಾರ ನೋಡಿದ, ಕುದರಿ ನೋಡಲಿಲ್ಲ.”

“ದೌಲತ್ ಹೆಂಗ ವಾಪಸ ಬಂತು?”

“ಎಂಟು ದಿನದ ಮ್ಯಾಲ ಇಂಡಿ ಮನಿ ಬಾಗಿಲಿಗೆ ತಾನ ಬಂದು ನಿಂತಿತ್ತು. ಅಷ್ಟೊತ್ತಿಗೆ ಆ ಕುಂಟು ಕುದರಿ ಮುದ್ದೇಬಿಹಾಳದ ಕೊಟ್ಟಿಗ್ಯಾಗಿಂದ ಮಾಯ ಆಗಿತ್ತು. ನಾ ಹುಡುಕಲಿಲ್ಲ.”

“ಯಾಕ್ರಿ?”

“ಹುಡುಕಿದ್ರ ಸಿಕ್ಕೀತು ಅಂತ ಹೆದರಿಕಿ.”

ಗೌಸಬಿಗೆ ನಗು ಬಂತು. ನಗು ಬಂದದ್ದಕ್ಕೆ ಸಿಟ್ಟೂ ಬಂತು. ಇವನ ಹೆದರಿಕೆಗೆ ಅವಳು ಆರು ತಿಂಗಳು ಊರ ಮುಂದೆ ತಲೆ ತಗ್ಗಿಸಿ ನಡೆದಿದ್ದಳು.

“ನನ್ನ ಗಂಡ ಸಾಯೂ ಮುಂದ ಸುತ್ತಿಗಿ ನನ್ನ ಕೈಯಾಗ ಇಟ್ಟ ಹೋದ,” ಎಂದಳು. “ಅವನ ಹೆಸರಿಗೆ ನೀವು ಮಸಿ ಹಚ್ಚಿದ್ರಿ. ಈಗ ನಾ ಒಳಗ ಹೋಗಿ ಎಲ್ಲಾ ಹೇಳಿಬಿಡ್ಲೇನು?”

“ಬ್ಯಾಡವ್ವ. ಸಿದ್ದಲಿಂಗವ್ವಗ ಗೊತ್ತಾದ್ರ ನಾ ಮನಿಗೆ ಹೋಗೂ ಹಂಗಿಲ್ಲ. ಆ ಕಡಗಾ ದೇವರ ಜಗಲಿ ಮ್ಯಾಲ ಇಟ್ಟು ದಿನಾ ಹೂ ಏರಸ್ತಾಳ.”

“ಹಂಗಾದ್ರ ಎರಡು ಕೆಲಸ ಮಾಡ್ರಿ. ನಾಲದ್ದು ತಪ್ಪಿಲ್ಲ ಅಂತ ನಡಾವಳಿ ಪುಸ್ತಕದಾಗ ಬರೆಸ್ರಿ. ಮತ್ತ ಊಟದ ಮ್ಯಾಲ ಡಾಕ್ಟರ ಠರಾವಿಗೆ ಕೈ ಎತ್ತ್ರಿ.”

ಸಾಹುಕಾರರು ಮೊಸರಿನ ಕಡೆ ನೋಡಿದರು. “ಬಿಲ್ಲೆ ಸಹಿತ ಒಪ್ಪಬೇಕೇನು?” ಎಂದು ಕೇಳಿದರು.

“ಬಿಲ್ಲೆ ಸಹಿತ.”

*

ಸಭೆ ಮತ್ತೆ ಕೂಡಿತು. ಹೊಟ್ಟೆ ತುಂಬಿದ್ದರಿಂದ ಬೆಂಚುಗಳು ಮೊದಲಿಗಿಂತ ಜಾಸ್ತಿ ಕಿರುಗುಟ್ಟಿದವು. ಇನಾಮದಾರರು ತೂಕಡಿಸುತ್ತಿದ್ದರು, ಇಂದುಬಾಯಿ ಮೇಜಿಗೆ ಪಟ್ಟಿ ಬಡಿದು ಎಚ್ಚರಿಸಿದಳು.

ರಾಚಪ್ಪ ಎದ್ದು ನಿಂತರು. ಮಡಿವಾಳಪ್ಪನ ತುದಿ ಧಡ್ಡನೆ ಕೆಳಗಿಳಿಯಿತು.

“ಕಳೆದ ಮಾಘದಾಗ ನಾಲದ ದೋಷ ಅಂತ ಬರದದ್ದನ್ನ ಹೊಡದ ಹಾಕ್ರಿ,” ಎಂದರು ಒಂದೇ ಉಸಿರಿನಲ್ಲಿ. “ಅದು ನಾಲದ್ದಲ್ಲ. ನಾ ಮಾಲಕ, ನಾ ಹೇಳಾಕತ್ತೇನಿ. ಕಾರಣ ಕೇಳಬ್ಯಾಡ್ರಿ.”

“ಕಾರಣ ಇಲ್ಲದ ಹೆಂಗ ಬರೀಲ್ರಿ?” ಇಂದುಬಾಯಿ ಕೇಳಿದಳು.

“‘ಸಾಹುಕಾರರು ಹೇಳಿದರು’ ಅಂತ ಬರೀರಿ. ಇಂಡ್ಯಾಗ ಅಷ್ಟ ಸಾಕಾಗತೈತಿ.”

ಇಂದುಬಾಯಿ ಪಟ್ಟಿ ಇಟ್ಟು ಆ ಸಾಲಿನ ಮೇಲೆ ನೆಟ್ಟಗೆ ಒಂದು ಗೆರೆ ಎಳೆದಳು. ಮಸಿ ಕಾಗದಕ್ಕೆ ತಾಗುವ ಸಣ್ಣ ಸದ್ದು ಬಾಗಿಲ ತನಕ ಕೇಳಿಸಿತು. ಗೌಸಬಿ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು, ಯಾರೂ ನೋಡದ ಹಾಗೆ ಕಣ್ಣನ್ನೂ ಒರೆಸಿಕೊಂಡಳು.

“ಈಗ ಠರಾವು,” ಎಂದರು ಇನಾಮದಾರರು. “ಮೊದಲು ಬಂದ ಕುದರಿ ಬಿಟ್ಟು ನೆಟ್ಟಗೆ ಬಂದ ಕುದರಿಗೆ ಕಡಗ. ಬೇಕು ಅನ್ನಾವರು ಕೈ ಎತ್ತ್ರಿ.”

ಎಲ್ಲಕ್ಕಿಂತ ಮೊದಲು ರಾಚಪ್ಪ ಸಾಹುಕಾರರ ಕೈ ಎದ್ದಿತು. ಕೋಣೆಯಲ್ಲಿ ಗುಸುಗುಸು ಎದ್ದಿತು. ಇನಾಮದಾರರು ನಂಬಲಾರದೆ ಕೇಳುವ ಕಿವಿಯನ್ನು ಉಜ್ಜಿಕೊಂಡರು, ಕಣ್ಣಿನ ತಪ್ಪನ್ನು ಕಿವಿ ಸರಿ ಮಾಡುತ್ತದೆಂಬಂತೆ.

ಐದು. ಗೌಸಬಿ ಮನಸ್ಸಿನಲ್ಲೇ ಎಣಿಸಿದ್ದಳು. ನಾಲ್ಕಕ್ಕೆ ಒಂದು ಸೇರಿದರೆ ಐದು.

“ನಾಲ್ಕು,” ಎಂದಳು ಇಂದುಬಾಯಿ.

“ಸರಿಯಾಗಿ ಎಣಸ್ರಿ ಬಾಯಾರ,” ಎಂದರು ರಾಚಪ್ಪ, ಎತ್ತಿದ ಕೈಯನ್ನು ಇಳಿಸದೆ. “ನನ್ನ ಕೈ ಸಣ್ಣದೇನಲ್ಲ.”

ಇಂದುಬಾಯಿ ಪೆನ್ನಿನಿಂದ ಒಂದೊಂದೇ ಕೈ ತೋರಿಸುತ್ತ ಮತ್ತೆ ಎಣಿಸಿದಳು. ನಾಲ್ಕೇ. ಅವಳ ಪೆನ್ನು ಕೊನೆಯ ಬೆಂಚಿನ ಹತ್ತಿರ ಬಂದು ನಿಂತಿತು.

ಡಾಕ್ಟರ್ ಪರಪ್ಪ ಎರಡೂ ಕೈಯನ್ನು ಕೋಟಿನ ಕಿಸೆಯಲ್ಲಿ ಇಟ್ಟುಕೊಂಡು ಕೂತಿದ್ದರು.

“ಡಾಕ್ಟರ, ಕೈ ಎತ್ತ್ರಿ,” ಎಂದರು ಇನಾಮದಾರರು. “ಠರಾವು ನಿಮ್ಮದು.”

“ನನ್ನ ಠರಾವಿಗೆ ನಂದ ವಿರೋಧ ಐತ್ರಿ. ಬರಕೋರಿ ಬಾಯಾರ.”

ಇಂದುಬಾಯಿ ಬರೆಯಲಿಲ್ಲ. ಮಡಿವಾಳಪ್ಪ ಮೊದಲ ಬಾರಿಗೆ ಗಡಿಯಾರ ಬಿಟ್ಟು ಮನುಷ್ಯನ ಮುಖ ನೋಡಿದ.

ಗೌಸಬಿ ಡಾಕ್ಟರ ಮುಖವನ್ನೇ ನೋಡಿದಳು. ಇಪ್ಪತ್ತು ವರ್ಷ ಫೌಜಿನಲ್ಲಿ ಕುದುರೆಗಳ ನಡುವೆ ಎದ್ದು ಕೂತವರು. ಕಂದೀಲಿನ ಬೆಳಕಾದರೇನು, ಕಾಲು ನೋಡಿ ಮುಖ ನೋಡದೇ ಇರುತ್ತಾರೆಯೇ. ಎರಡನೇ ಕುದುರೆಯ ಕಾಲು ಹಿಡಿದು ಸೀಳಿದವರು, ಪಟ್ಟಿ ಕಟ್ಟಿದವರು ಇವರೊಬ್ಬರೇ. ಮತ್ತೆ, ‘ನಾಲದ್ದು ತಪ್ಪಿಲ್ಲ’ ಎಂದು ಅಂದು ಅಷ್ಟು ಗಟ್ಟಿಯಾಗಿ ಹೇಳಿದವರೂ ಇವರೊಬ್ಬರೇ. ಗೊತ್ತಿದ್ದರೆ ಮಾತ್ರ ಅಷ್ಟು ಗಟ್ಟಿಯಾಗಿ ಹೇಳಲು ಬರುತ್ತದೆ.

ಡಾಕ್ಟರು ಎದ್ದು ನಿಂತರು. ಅವಳ ಕಡೆ ನೋಡಲಿಲ್ಲ.

“ಕಡಗ ಯಾರಿಗೆ ಅನ್ನೂ ಮಾತು ಆಮ್ಯಾಲ,” ಎಂದರು. “ಕಳೆದ ಮಾಘದಾಗ ಸಿಂದಗಿಯಿಂದ ಈಚಿಗೆ ಓಡಿದ್ದು ದೌಲತ್ ಅಲ್ಲ, ಅದರಂಗ ಕಾಣೂ ಇನ್ನೊಂದು ಬಿಳಿ ಕುದರಿ.”

ರಾಚಪ್ಪರ ಎತ್ತಿದ ಕೈ ಹಾಗೆಯೇ ಗಾಳಿಯಲ್ಲಿ ಉಳಿಯಿತು. ಇಳಿಸುವುದನ್ನು ಮರೆತಿದ್ದರು.

“ಎಲ್ಲೈತಿ ಆ ಕುದರಿ?” ಇನಾಮದಾರರ ಕಿವಿ ಈಗ ಪೂರ್ತಿ ಡಾಕ್ಟರ ಕಡೆ ತಿರುಗಿತ್ತು.

“ಇದ ಊರಾಗ. ನಾಲಬಂದರ ಓಣ್ಯಾಗ. ಗೌಸಬಿಯವರ ಹಿತ್ತಲದಾಗ ಕಟ್ಟೇತಿ. ಊಟದ ಬಿಡುವಿನ್ಯಾಗ ಹೋಗಿ ನಾನ ಕಣ್ಣಾರೆ ನೋಡಿ ಬಂದೇನಿ.”

ಎಂಟು ತಲೆಗಳು ಬಾಗಿಲ ಬಳಿಯ ಗೋಣಿತಟ್ಟಿನ ಕಡೆ ತಿರುಗಿದವು. ಗೌಸಬಿ ಎದ್ದು ನಿಂತಿದ್ದಳು. ಮುಂಜಾನೆ ಹಿತ್ತಲು ಕಸ ಹೊಡೆದು ಬಂದವಳು ಅವಳೇ. ಅಲ್ಲಿ ಒಂದು ಕುದುರೆಯ ಕೂದಲೂ ಇರಲಿಲ್ಲ.

“ನನ್ನ ಹಿತ್ತಲ ಬಾಗಲಕ್ಕ ಒಳಗಿಂದ ಅಗಳಿ ಐತಿ ಡಾಕ್ಟರ,” ಎಂದಳು. “ಗ್ವಾಡಿ ಎರಡಾಳು ಎತ್ತರ. ಮುಂದಿನ ಬಾಗಲದ ಕೀಲಿಕೈ ನನ್ನ ಸೊಂಟದಾಗ ಐತಿ. ನೀವು ಒಳಗ ಹೆಂಗ ನೋಡಿದ್ರಿ?”

ಡಾಕ್ಟರ್ ಪರಪ್ಪ ಉತ್ತರಕ್ಕೆ ಬಾಯಿ ತೆರೆದರು. ಉತ್ತರ ಬರುವ ಮೊದಲೇ, ಎರಡು ಓಣಿ ಆಚೆ, ನಾಲಬಂದರ ಮನೆಗಳ ದಿಕ್ಕಿನಿಂದ, ಒಂದು ಕುದುರೆ ಗಟ್ಟಿಯಾಗಿ ಕೆನೆಯಿತು.